ಖಾಲಿ ಮೂಲೆಗೆ ನಮಸ್ಕಾರ

ಅಹಮದಾಬಾದಿನ ಚಾಂದ್‌ಖೇಡಾದ ನಮ್ಮ ಕ್ವಾರ್ಟರ್ಸಿನಲ್ಲಿ ಲಿಫ್ಟು ಕೆಟ್ಟು ನಿಂತಾಗಲೆಲ್ಲ ಮೊದಲ ಗುಮಾನಿ ಅವರ ತೂಕದ ಮೇಲೆಯೇ. ಪಾಪ, ಅವರಿದ್ದದ್ದು ನೆಲಮಹಡಿಯಲ್ಲಿ. ಲಿಫ್ಟಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಮೂರನೆಯ ಮಹಡಿಯ ಹೆಂಗಸರು ತರಕಾರಿ ಚೀಲ ಹೊತ್ತು ಮೆಟ್ಟಿಲೇರುವಾಗ ಅವರ ಬಾಗಿಲ ಕಡೆ ಒಮ್ಮೆ ದುರುಗುಟ್ಟಿ ನೋಡಿಯೇ ಮುಂದೆ ಹೋಗುತ್ತಿದ್ದರು. ಅವರು ಹೊಸ್ತಿಲಲ್ಲಿ ನಿಂತಿದ್ದರೆ ಎರಡೂ ಕೈ ಜೋಡಿಸಿ "ಸಾರಿ, ಬೆಹೆನ್‌ಜಿ" ಎನ್ನುತ್ತಿದ್ದರು. ಮಾಡದ ತಪ್ಪಿಗೆ ಅಷ್ಟು ಧಾರಾಳವಾಗಿ ಕ್ಷಮೆ ಕೇಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರ ಹೆಸರು ಇಲ್ಲಿ ಬೇಡ. ಬರೆದರೂ ನಮ್ಮ ಕಾಲೊನಿಯಲ್ಲಿ ಯಾರಿಗೂ ಅದು ಯಾರೆಂದು ತಿಳಿಯುವುದಿಲ್ಲ. ಹಾಲಿನವನಿಂದ ಹಿಡಿದು ಜನರಲ್ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು 'ಚಾಂಪಿಯನ್'. ಗದಗದ ಕಡೆಯವರು. ನಾನು ಮಂಡ್ಯದವನು. ಇಬ್ಬರೂ ಒಂದೇ ಎಣ್ಣೆ ಕಂಪನಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದೆವು: ಅವರು ಸ್ಟೋರ್ಸ್‌ನಲ್ಲಿ, ನಾನು ರಜೆ-ಬಡ್ತಿಗಳ ಕಡತ ನೋಡುವ ಸೆಕ್ಷನ್ನಿನಲ್ಲಿ. ಪೆನ್ನು ಹಿಡಿದವರೆಲ್ಲ ಅವರ ಲೆಕ್ಕದಲ್ಲಿ ರಾಯರು. ಹಾಗಾಗಿ ಮೊದಲ ದಿನವೇ ನನ್ನನ್ನು "ರಾಯರ" ಎಂದು ಕರೆದರು. ನಾನು ಯಾವ ಕಡೆಯಿಂದಲೂ ರಾಯನಲ್ಲ ಎಂದು ಎಷ್ಟು ಹೇಳಿದರೂ "ಇರ್ಲಿ ಬಿಡ್ರಿ, ಆಗ್ತೀರಿ" ಎಂದುಬಿಟ್ಟರು.

ಅವರು ಬಾಕ್ಸರ್ ಆದದ್ದು ಕ್ಯಾಂಟೀನಿನಲ್ಲಿ. ನಮ್ಮ ಕ್ರೀಡಾ ಕಾರ್ಯದರ್ಶಿ ಜಯೇಶ್‌ಭಾಯ್ ತೆಳ್ಳನೆಯ ಚುರುಕು ಮನುಷ್ಯ. ಕಂಪನಿಯ ಕಪ್ಪುಗಳನ್ನು ಸ್ವಂತ ಮಕ್ಕಳ ಹಾಗೆ ಒರೆಸಿ ಇಡುವವರು. ಗುಜರಾತಿನ ಕಾರ್ಖಾನೆ-ಕಚೇರಿಗಳ ನೌಕರರಿಗೆಂದು ವರ್ಷಕ್ಕೊಮ್ಮೆ ಬಾಕ್ಸಿಂಗ್ ಪಂದ್ಯಾವಳಿ ನಡೆಯುತ್ತಿತ್ತು. ಒಂದು ವರ್ಷ ಅಹಮದಾಬಾದು, ಒಂದು ವರ್ಷ ವಡೋದರಾ, ಒಂದು ವರ್ಷ ಸೂರತ್. ನಮ್ಮಲ್ಲಿ ಎಲ್ಲ ತೂಕದವರೂ ಇದ್ದರು, ಹೆವಿವೇಟ್ ಒಂದೇ ಖಾಲಿ. ಒಂದು ಮಧ್ಯಾಹ್ನ ಜಯೇಶ್‌ಭಾಯ್ ಊಟದ ಸಾಲಿನಲ್ಲಿ ಇವರ ಬೆನ್ನು ನೋಡಿದರು. ಅದು ಗೋಡೆಯಲ್ಲ, ಮನುಷ್ಯ ಎಂದು ಖಚಿತವಾದ ಮೇಲೆ ಹತ್ತಿರ ಬಂದು ಕೇಳಿದರು. ಇವರು ಹೆದರಿ, "ನನಗ ಬಾಕ್ಸಿಂಗ್ ಬರೂದಿಲ್ರಿ" ಎಂದದ್ದನ್ನು ನಾನೇ ಹಿಂದಿಗೆ ಅನುವಾದ ಮಾಡಿದೆ. ಜಯೇಶ್‌ಭಾಯ್ ನಕ್ಕು, ಬಾಕ್ಸಿಂಗ್ ಆಮೇಲೆ ಬರುತ್ತದೆ, ತೂಕ ಇದೆಯಲ್ಲ, ಎಂದರು.

ಅಲ್ಲಿಂದ ಚಾಂಪಿಯನ್ನರ ಶ್ರದ್ಧೆ ಶುರುವಾಯಿತು. ಬೆಳಗ್ಗೆ ಐದೂವರೆಗೆ ಕಾಲೊನಿಯ ಸುತ್ತ ಓಟ. ನಾಯಿಗಳು ಮೊದಲ ವಾರ ಬೊಗಳಿದವು, ಎರಡನೆಯ ವಾರ ಜತೆಗೆ ಓಡಿದವು. ಸ್ಟೋರ್ಸಿನ ಹಿಂದೆ ಒಂದು ಗೋಣಿಚೀಲಕ್ಕೆ ಹತ್ತಿಯ ಚಿಂದಿ ತುಂಬಿ ನೇತುಹಾಕಿಕೊಂಡು ಸಂಜೆ ಸಂಜೆ ಗುದ್ದುತ್ತಿದ್ದರು. ಆ ಚೀಲ ಬಿಟ್ಟರೆ ಇನ್ನಾರಿಗೂ ಅವರು ಜೋರಾಗಿ ಹೊಡೆದದ್ದಿಲ್ಲ. ಅಭ್ಯಾಸಕ್ಕೆ ಸಿಗುತ್ತಿದ್ದವರು ಐವತ್ತೈದು, ಅರವತ್ತು ಕೆಜಿಯ ಹುಡುಗರು. ಅವರು ಇವರ ಸುತ್ತ ಕುಣಿಯುತ್ತ ಪಟಪಟ ಬಾರಿಸಿ ಹೋಗುವರು. ಇವರು "ಭಲೇ, ಭಲೇ" ಎನ್ನುತ್ತ ಹೊಡೆಸಿಕೊಳ್ಳುವರು. ತಿರುಗಿ ಹೊಡೆಯಿರಿ ಎಂದು ಕೋಚು ಕಿರುಚಿದರೆ, "ಸಣ್ಣ ಹುಡುಗ್ರು ಅದಾರ್ರಿ, ಮನ್ಯಾಗ ಕೇಳಿದ್ರ ಏನು ಹೇಳೂದು" ಎನ್ನುವರು.

ಹೀಗೆ ತಯಾರಾದ ಮನುಷ್ಯ ಏಳು ವರ್ಷ ಸತತವಾಗಿ ಹೆವಿವೇಟ್ ಚಾಂಪಿಯನ್ ಆದರು. ಒಮ್ಮೆಯೂ ಕೈ ಎತ್ತದೆ!

ನಗಬೇಡಿ, ಹೇಳುತ್ತೇನೆ. ಆ ವರ್ಗಕ್ಕೆ ತೊಂಬತ್ತೊಂದು ಕೆಜಿ ದಾಟಿರಬೇಕು. ಅಹಮದಾಬಾದಿನಲ್ಲಿ ತೂಕದವರಿಗೆ ಬರವಿರಲಿಲ್ಲ. ಏಟು ತಿನ್ನಲು ಪುರಸೊತ್ತಿದ್ದ ತೂಕದವರಿಗೆ ಬರ. ಪ್ರತಿ ವರ್ಷ ಯಾರೋ ಒಬ್ಬರು ಹೆಸರು ಕೊಡುತ್ತಿದ್ದರು. ಆ ದಿನ ಬಂದರೆ ಒಬ್ಬನಿಗೆ ಜ್ವರ, ಒಬ್ಬನಿಗೆ ಭಾವಮೈದುನನ ಮದುವೆ. ವಡೋದರಾದಲ್ಲಂತೂ ಒಬ್ಬ ಗೊಬ್ಬರ ಕಾರ್ಖಾನೆಯ ಆಸಾಮಿ ಅಂಗಣದವರೆಗೂ ಬಂದು, ಇವರು ಗೇಟಿನ ಹತ್ತಿರ ಚಹಾ ಕುಡಿಯುವುದನ್ನು ನೋಡಿ, ಬಂದ ರಿಕ್ಷಾದಲ್ಲೇ ಸ್ಟೇಷನ್ನಿಗೆ ವಾಪಸು ಹೋದ. ಚಹಾದ ಕಪ್ಪು ಇವರ ಮುಷ್ಟಿಯೊಳಗೆ ಕಾಣುತ್ತಿರಲಿಲ್ಲವಂತೆ, ಅಷ್ಟೇ ಕಾರಣ.

ಎದುರಾಳಿ ಬರಲಿಲ್ಲವೆಂದರೆ ಮನೆಗೆ ಹೋಗುವಂತಿಲ್ಲ. ಅದಕ್ಕೂ ಒಂದು ಶಾಸ್ತ್ರವಿದೆ. ಬಂದವನು ಗ್ಲವ್ಸು, ಹೆಲ್ಮೆಟ್ಟು ಎಲ್ಲ ಏರಿಸಿಕೊಂಡು ರಿಂಗಿನೊಳಗೆ ಹೋಗಿ ನಿಲ್ಲಬೇಕು. ಮೈಕಿನಲ್ಲಿ ಎದುರಾಳಿಯ ಹೆಸರು ಕೂಗುತ್ತಾರೆ. ಗಂಟೆ ಬಾರಿಸುತ್ತಾರೆ. ಎಲ್ಲರೂ ಮೂರು ನಿಮಿಷ ಕಾಯುತ್ತಾರೆ. ಆಮೇಲೆ ರೆಫರಿ ಇವನ ಕೈ ಎತ್ತುತ್ತಾನೆ. ಅಂಥ ಮೂರು ನಿಮಿಷಗಳು ಏಳು. ಚಾಂಪಿಯನ್ನರು ನೀಲಿ ಬನಿಯನ್ನಿನಲ್ಲಿ ರಿಂಗಿನ ನಡುವೆ ನಿಂತು, ಎದುರಿನ ಖಾಲಿ ಮೂಲೆಯ ಕಡೆ ತಿರುಗಿ, ಗ್ಲವ್ಸ್ ಹಾಕಿದ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದರು. ಜನ ಸಿಳ್ಳೆ ಹಾಕುತ್ತಿದ್ದರು. ನಾನು ಇವರ ಮೂಲೆಯಲ್ಲಿ ಬಕೆಟ್ಟು, ನೀರಿನ ಬಾಟಲಿ, ಟವೆಲ್ಲು ಹಿಡಿದು ಬೆವರುತ್ತಿದ್ದೆ. ಕನ್ನಡಿಗನ ಟವೆಲ್ಲನ್ನು ಕನ್ನಡಿಗನೇ ಹಿಡಿಯಬೇಕು ಎಂಬುದು ಜಯೇಶ್‌ಭಾಯ್ ಕಾನೂನು. ಏಳು ವರ್ಷದಲ್ಲಿ ಆ ಟವೆಲ್ಲಿಗೆ ಒದ್ದೆಯಾಗುವ ಯೋಗ ಬರಲಿಲ್ಲ.

"ಯಾರಿಗೆ ಸ್ವಾಮಿ ಆ ನಮಸ್ಕಾರ?" ಎಂದು ಒಮ್ಮೆ ಕೇಳಿದೆ.

"ಬರಬೇಕಾದಾಂವ ಎಲ್ಲೋ ಅದಾನಲ್ರಿ, ಅವಗ" ಎಂದರು.

ಪ್ರತಿ ಸಲವೂ ಆಫೀಸಿನಲ್ಲಿ ಹಾರ, ಶ್ರೀಖಂಡ, ಭಾಷಣ. ಪದಕವನ್ನು ಅವರು ಮನೆಗೆ ಒಯ್ದು ಕಪಾಟಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ ತುರುಕಿಬಿಡುತ್ತಿದ್ದರು. ಅಭಿನಂದನೆ ಹೇಳಿದರೆ ಮಾತು ಮರೆಸಿ ಮಳೆ, ಬಿಸಿಲು, ಶೇಂಗಾದ ಬೆಳೆ ಎಂದೆಲ್ಲ ಶುರುಮಾಡುತ್ತಿದ್ದರು. ಇದು ವಿನಯ ಎಂದು ನಾವೆಲ್ಲ ತಿಳಿದಿದ್ದೆವು. ವಿನಯವಲ್ಲ, ನಾಚಿಕೆ ಎಂದು ನನಗೆ ತಿಳಿದದ್ದು ಒಂದು ಭಾನುವಾರ, ಅವರ ಮನೆಯಲ್ಲಿ ಅವಲಕ್ಕಿ ತಿನ್ನುವಾಗ.

ಅವರ ಮಗಳಿಗೆ ಆಗ ಎಂಟು ವರ್ಷ. ಚಾಂದ್‌ಖೇಡಾದಲ್ಲೇ ಹುಟ್ಟಿ ಬೆಳೆದವಳು; ಗುಜರಾತಿ ಅರಳು ಹುರಿದಂತೆ, ಕನ್ನಡ ಎಡವಿ ಎಡವಿ. ಶಾಲೆಯಲ್ಲಿ ತಂದೆಯ ಬಗ್ಗೆ ಹತ್ತು ವಾಕ್ಯ ಬರೆಯಲು ಹೇಳಿದ್ದರಂತೆ. ಪೆನ್ಸಿಲ್ಲು ಕಚ್ಚುತ್ತ ಬಂದು ಕೇಳಿದಳು:

"ಪಪ್ಪಾ, ನೀವು ಯಾರ್ಗೆ ಹೊಡ್ದ್ರಿ? ನಾಮ್ ಬರೀಬೇಕು."

"ಯಾರಿಗೂ ಇಲ್ಲವಾ."

"ಏಕ್ ಭೀ ನಹೀ?"

"ಇಲ್ಲ."

"ತೋ ಚಾಂಪಿಯನ್ ಕೈಸೆ?"

ಅವರು ನನ್ನ ಮುಖ ನೋಡಿದರು. ನಾನು ಅವಲಕ್ಕಿಯ ತಟ್ಟೆ ನೋಡಿದೆ. ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಹುಡುಗಿ ಹೋಗಿ "ನನ್ನ ತಂದೆ ತುಂಬಾ ಎತ್ತರ" ಎಂಬ ವಾಕ್ಯದಿಂದ ಪ್ರಬಂಧ ಮುಗಿಸಿದಳು.

ಮರುದಿನ ಆಫೀಸಿಗೆ ಹೋಗುವಾಗ ಅವರ ಸ್ಕೂಟರಿನ ಹಿಂದೆ ನಾನಿದ್ದೆ. ಹಿಂದೆ ಎಂದರೆ, ಸೀಟಿನಲ್ಲಿ ಅವರು ದಾನ ಕೊಟ್ಟ ನಾಲ್ಕು ಬೆರಳು ಜಾಗದಲ್ಲಿ. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ತಿರುಗದೆಯೇ ಹೇಳಿದರು:

"ರಾಯರ, ಈ ವರ್ಷ ನನ್ನ ಆಖೈರು. ಮೂವತ್ತೆಂಟು ತುಂಬಿದ ಮ್ಯಾಲ ಆಡಿಸೂದಿಲ್ಲ. ಒಂದ ಒಂದು ಖರೇ ಹೊಡದಾಟ ಆಗ್ಬೇಕ್ರಿ. ಗೆಲ್ಲೂದು ಬ್ಯಾಡ. ಎದುರಿಗೆ ಒಬ್ಬ ಮನಷಾ ಬಂದು ನಿಂತ್ರ ಸಾಕು."

ಹಸಿರು ದೀಪ ಬಂದು, ಹಿಂದಿನವರು ಹಾರ್ನು ಹೊಡೆದ ಮೇಲೆಯೇ ಗಾಡಿ ಬಿಟ್ಟರು.

ಆ ವರ್ಷ ಪಂದ್ಯಾವಳಿ ಸೂರತ್ತಿನಲ್ಲಿ, ತಾಪಿ ನದಿಯ ಆಚೆ ಅಡಾಜಣ್‌ನ ಒಂದು ಶಾಲೆಯ ಸಭಾಂಗಣದಲ್ಲಿ. ಹೆವಿವೇಟ್‌ಗೆ ಒಬ್ಬ ಹೆಸರು ಕೊಟ್ಟಿದ್ದ: ದೈತಾರಿ, ಪಾಂಡೇಸರಾದ ಒಂದು ಬಟ್ಟೆ ಬಣ್ಣದ ಮಿಲ್ಲಿನವನು, ಊರು ಒಡಿಶಾ. ಒದ್ದೆ ಬಟ್ಟೆಯ ಗಂಟುಗಳನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಾನಂತೆ, ಊರಿನಲ್ಲಿ ಕುಸ್ತಿ ಆಡಿದವನಂತೆ, ಎಂದು ಜಯೇಶ್‌ಭಾಯ್ ಆತಂಕದಿಂದ ವರದಿ ತಂದರು. ಚಾಂಪಿಯನ್ನರು ರೈಲಿನಲ್ಲಿ ವಡೋದರಾ ದಾಟುವವರೆಗೆ ಅವನ ಹೆಸರಿದ್ದ ಪಂದ್ಯಗಳ ಪಟ್ಟಿಯನ್ನು ಮಡಿಚುವುದು, ಬಿಚ್ಚುವುದು, ಓದುವುದು. "ಬರ್ತಾನಂತೀರಿ?" ಎಂದು ನನ್ನನ್ನು ಅದೆಷ್ಟು ಸಲ ಕೇಳಿದರೋ. ಮದುವೆ ಗೊತ್ತಾದ ಹುಡುಗ ಕೂಡ ಹಾಗೆ ಕೇಳುವುದಿಲ್ಲ. ಹೆಂಡತಿ ಕಟ್ಟಿಕೊಟ್ಟ ದೊಡ್ಡ ಸ್ಟೀಲ್ ಡಬ್ಬಿ ಅವರ ತೊಡೆಯ ಮೇಲೆ: ತುಂಬ ಶೇಂಗಾ ಹೋಳಿಗೆ. ಪಂದ್ಯ ಮುಗಿಯುವ ತನಕ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದರು.

ಪಂದ್ಯದ ದಿನ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ತೂಕ. ಆ ಒಂದು ಗಂಟೆಯಲ್ಲಿ ಎಷ್ಟು ಸಲ ಬೇಕಾದರೂ ತಕ್ಕಡಿ ಹತ್ತಬಹುದು. ಒಂಬತ್ತಾದ ಮೇಲೆ ದೇವರು ಬಂದರೂ ಇಲ್ಲ. ಸಭಾಂಗಣ ಸೂತಕದ ಮನೆಯಂತಿತ್ತು. ತೂಕ ಇಳಿಸಲು ಎರಡು ದಿನದಿಂದ ಉಪವಾಸವಿದ್ದ ಹುಡುಗರು ತುಟಿ ಒಣಗಿ ಗೋಡೆಗೆ ಒರಗಿದ್ದರು. ಇನ್ನು ಕೆಲವರು ಐವತ್ತು ಗ್ರಾಂ ಕಳೆಯಲು ಸ್ವೆಟರು ಹಾಕಿಕೊಂಡು ಮೆಟ್ಟಿಲು ಹತ್ತಿಳಿಯುತ್ತಿದ್ದರು.

ಎಂಟೂಕಾಲಿಗೆ ದೈತಾರಿ ಬಂದ. ಬಂದೇಬಿಟ್ಟ! ಇಪ್ಪತ್ತೈದರ ಆಳು, ಬಾಗಿಲಿನಷ್ಟು ಅಗಲ. ಚಾಂಪಿಯನ್ನರು ನನ್ನ ಭುಜ ಹಿಡಿದು ಅದುಮಿದ್ದು ಇವತ್ತಿಗೂ ಚಳಿಗಾಲದಲ್ಲಿ ನೆನಪಾಗುತ್ತದೆ. ಅವನು ಬಟ್ಟೆ ಬಿಚ್ಚಿ ತಕ್ಕಡಿ ಹತ್ತಿದ. ಕನ್ನಡಕದ ಅಧಿಕಾರಿ ಬಗ್ಗಿ ನೋಡಿ, ತಲೆ ಅಲ್ಲಾಡಿಸಿದರು. ಎಂಬತ್ತೆಂಟು ಕೆಜಿ, ಆರುನೂರು ಗ್ರಾಂ.

ಆದದ್ದಿಷ್ಟು. ಬಾಕ್ಸರುಗಳು ಪಂದ್ಯಕ್ಕೆ ಮೊದಲು ತೂಕ ಇಳಿಸುತ್ತಾರೆ ಎಂದು ಮಿಲ್ಲಿನ ಗೆಳೆಯರು ಅವನಿಗೆ ಹೇಳಿದ್ದರು. ಎಲ್ಲರೂ ಇಳಿಸುವಾಗ ತಾನೂ ಇಳಿಸಬೇಕು ಎಂದುಕೊಂಡು ಈ ಪುಣ್ಯಾತ್ಮ ಮೂರು ದಿನ ಉಪವಾಸ ಮಾಡಿ, ಬಣ್ಣದ ಹಬೆ ಏಳುವ ಯಂತ್ರದ ಪಕ್ಕ ಕಂಬಳಿ ಹೊದ್ದು ಕೂತು, ಬೆವರಿ ಬೆವರಿ ತನ್ನ ವರ್ಗದಿಂದಲೇ ಇಳಿದುಬಿಟ್ಟಿದ್ದ. ವಿಷಯ ತಿಳಿದಾಗ ಅವನ ಕಣ್ಣಲ್ಲಿ ನೀರು ಬಂತು.

ಜಯೇಶ್‌ಭಾಯ್ ನನ್ನ ಕೈ ಕುಲುಕಿದರು. "ಹೋ ಗಯಾ! ಆಠವಾ ಮೆಡಲ್!"

ನಾನು ಚಾಂಪಿಯನ್ನರ ಕಡೆ ನೋಡಿದೆ. ಅವರು ಅಲ್ಲಿರಲಿಲ್ಲ. ಆಗಲೇ ದೈತಾರಿಯ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿ, ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಿದ್ದರು.

"ಖಾ."

"ಜೀ?"

"ಅರೆ, ಖಾ ರೇ! ದೋ ಕಿಲೋ ಚಾರ್‌ಸೌ ಹೋನಾ!"

ನನಗೆ ಆಜ್ಞೆಯಾಯಿತು: "ರಾಯರ, ಓಡ್ರಿ! ಬಾಳೆಹಣ್ಣು ಎರಡು ಡಜನ್. ಮಜ್ಜಿಗಿ. ಗೇಟಿನಾಗ ಲೋಚೋ ಮಾರಾಕತ್ತಾನ, ಅದೂ ತರ್ರಿ." ಲೋಚೋ ಎಂದರೆ ಸೂರತ್ತಿನವರು ಬೆಳಗ್ಗೆ ತಿನ್ನುವ ಕಡಲೆಹಿಟ್ಟಿನ ಬಿಸಿ ಮುದ್ದೆ, ಎಣ್ಣೆ ಸುರಿದು ಕೊಡುತ್ತಾರೆ, ತೂಕಕ್ಕೆ ಹೇಳಿ ಮಾಡಿಸಿದ್ದು. ನಾನು ಎರಡೂ ಕೈ ತುಂಬ ಹೊತ್ತು ತರುವಾಗ ದಾರಿಯಲ್ಲಿ ಉಪವಾಸದ ಹುಡುಗರು ಕಣ್ಣು ಮುಚ್ಚಿಕೊಂಡರು. ಒಬ್ಬ ಅತ್ತೇಬಿಟ್ಟ.

ಸ್ಟೋರ್ಸಿನ ಮನುಷ್ಯನ ವಿದ್ಯೆ ಅವತ್ತು ನೋಡಬೇಕಿತ್ತು. ಒಂದೊಂದು ಹೋಳಿಗೆಯನ್ನೂ ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ, "ಎಂಬತ್ತು ಗ್ರಾಂ" ಎಂದು ಅವನ ಬಾಯಿಗಿಡುವರು. "ಇದು ತೊಂಬತ್ತು." ಬಾಳೆಹಣ್ಣು ಸುಲಿದು, "ಸಿಪ್ಪಿ ತೆಗದು ನೂರು." ನೀರು ಕೊಡಲು ಹೋದ ನನ್ನ ಕೈಗೆ ಒಂದು ಏಟು. "ಈಗ ಬ್ಯಾಡ! ಗಟ್ಟಿ ಸಾಮಾನು ಮೊದಲ, ನೀರು ಕಡೀಗೆ. ಇಲ್ಲಾಂದ್ರ ಜಾಗ ಸಾಲೂದಿಲ್ಲ."

ಜಯೇಶ್‌ಭಾಯ್ ಓಡಿ ಬಂದರು. ಮುಖ ಕೆಂಪಾಗಿತ್ತು. ಈ ಒಂದು ಚಿನ್ನ ಬಂದರೆ ಇಡೀ ಪಂದ್ಯಾವಳಿಯ ಕಪ್ಪು ನಮ್ಮದು, ಹೋದರೆ ಅದೂ ಹೋಯಿತು; ಡಬ್ಬಿ ಮುಚ್ಚು, ಅರ್ಧ ಗಂಟೆ ಸುಮ್ಮನೆ ಕೂರು, ಎಂದು ಹಿಂದಿಯಲ್ಲೂ ಗುಜರಾತಿಯಲ್ಲೂ ಕೂಗಾಡಿದರು. ಅಷ್ಟು ವರ್ಷದಲ್ಲಿ ಚಾಂಪಿಯನ್ನರು ಯಾರಿಗೂ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಾಳೆಹಣ್ಣು ಸುಲಿಯುತ್ತಲೇ ನನಗೆ ಹೇಳಿದರು:

"ಸಾಹೇಬರಿಗೆ ತಿಳಿಸಿ ಹೇಳ್ರಿ ರಾಯರ. ಏಳು ವರ್ಷ ಖಾಲಿ ಮೂಲೀಗೆ ಕೈ ಮುಗದೇನಿ. ಇವತ್ತು ಮೂಲ್ಯಾಗ ಮನಷಾ ಬಂದಾನ. ಅವನ್ನ ಹೆಂಗ ಉಪಾಸ ಕಳಸ್ಲಿ?"

ನಾನು ತಿಳಿಸಿ ಹೇಳಿದೆ. ಅನುವಾದದಲ್ಲಿ ಅರ್ಧ ಕಳೆದುಹೋಗಿರಬೇಕು. ಆದರೂ ಜಯೇಶ್‌ಭಾಯ್ "ತಮೆ ಬಧಾ ಪಾಗಲ್ ಛೋ" ಎಂದು ನಮ್ಮೆಲ್ಲರಿಗೂ ಹುಚ್ಚರ ಪಟ್ಟ ಕಟ್ಟಿ, ತಾವೇ ಹೋಗಿ ಇನ್ನೆರಡು ಪ್ಲೇಟು ಲೋಚೋ ತಂದರು.

ಎಂಟೂ ಐವತ್ತು. ತೊಂಬತ್ತು ಕೆಜಿ, ಒಂಬೈನೂರು. ದೈತಾರಿಯ ಕಣ್ಣು ಮೇಲೆ ಹೋಗಿತ್ತು. "ಭಾಯಿಸಾಬ್, ಔರ್ ನಹೀ ಜಾಯೇಗಾ" ಎಂದು ಕೈ ಮುಗಿದ. ಅಷ್ಟೇ ಆಗಿದ್ದರೆ ಸರಿ. ಅವನು ಎದ್ದು ಬಚ್ಚಲಿನ ಕಡೆ ಹೆಜ್ಜೆ ಹಾಕಿದ. ಚಾಂಪಿಯನ್ನರು ಓಡಿಹೋಗಿ ಬಚ್ಚಲಿನ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತರು.

"ಮೇರೆಕು ಮಾರ್, ಭಾಯ್! ಜಿತ್ನಾ ಹೋನಾ ಉತ್ನಾ ಮಾರ್! ಲೇಕಿನ್ ಅಂದರ್ ಮತ್ ಜಾ!"

ಗದಗದ ಹಿಂದಿ ಒಡಿಶಾದವನಿಗೆ ಅಕ್ಷರಶಃ ಅರ್ಥವಾಯಿತು. ಅವನು ಹಲ್ಲು ಕಚ್ಚಿ ಹಿಂದೆ ಬಂದ. ಎರಡು ಲೋಟ ಮಜ್ಜಿಗೆ ಕುಡಿದ. ಕಾಲುಗಳನ್ನು ಹೆಣೆದುಕೊಂಡೇ ತಕ್ಕಡಿ ಹತ್ತಿದ. ಕನ್ನಡಕದ ಅಧಿಕಾರಿ ಬಗ್ಗಿದರು, ಗಡಿಯಾರ ನೋಡಿದರು, ಮತ್ತೆ ಬಗ್ಗಿದರು. ತೊಂಬತ್ತೊಂದು ಕೆಜಿ, ಮುನ್ನೂರು ಗ್ರಾಂ. ಗೋಡೆಗೆ ಒರಗಿದ್ದ ಅಷ್ಟೂ ಉಪವಾಸದ ಹುಡುಗರು ಎದ್ದು ಚಪ್ಪಾಳೆ ತಟ್ಟಿದರು. ದೈತಾರಿ ಬಚ್ಚಲಿಗೆ ಹಾರಿದ. ಚಾಂಪಿಯನ್ನರು ನನ್ನನ್ನು ಸೊಂಟ ಹಿಡಿದೆತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದರು. ನಾನು ಆಗ ಅರವತ್ತೆಂಟು ಕೆಜಿ.

ಪಂದ್ಯ ಸಂಜೆ ನಾಲ್ಕಕ್ಕೆ. ಮೈಕಿನಲ್ಲಿ ಎದುರಾಳಿಯ ಹೆಸರು ಕೂಗಿದರು. ಚಾಂಪಿಯನ್ನರು ಎಂದಿನಂತೆ ಎದುರಿನ ಮೂಲೆಗೆ ತಿರುಗಿ ನಮಸ್ಕಾರ ಮಾಡಿದರು. ಮೂಲೆಯಿಂದ ದೈತಾರಿ ತಿರುಗಿ ನಮಸ್ಕಾರ ಮಾಡಿದ. ಚಾಂಪಿಯನ್ನರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು, ಕಂಡಿರೇನು ಎನ್ನುವಂತೆ.

ಮೊದಲ ಸುತ್ತಿನಲ್ಲಿ ಇವರು ಒಂದು ಹೊಡೆದರು. ಸರಿಯಾಗಿಯೇ ಬಿತ್ತು, ದವಡೆಗೆ. ಬಿದ್ದ ಕೂಡಲೇ ಇವರೇ ಗಾಬರಿಯಾಗಿ, "ತಪ್ಪಾತಪಾ! ಪೆಟ್ಟು ಹತ್ತಿತೇನು?" ಎಂದು ಕೇಳಿದರು. ರಿಂಗಿನಲ್ಲಿ ಮಾತಾಡಬಾರದು ಎಂದು ರೆಫರಿ ಎಚ್ಚರಿಕೆ ಕೊಟ್ಟ. ಆ ಎಚ್ಚರಿಕೆಯನ್ನು ಇವರು ಬಗ್ಗಿ ಕೇಳಿಸಿಕೊಳ್ಳುತ್ತಿರುವಾಗ ದೈತಾರಿಗೆ ಪೆಟ್ಟು ನಾಟಿತೆಂದು ಕಾಣುತ್ತದೆ, ಅವನ ಮುಖ ಬದಲಾಯಿತು. ಎರಡನೆಯ ಸುತ್ತಿನಲ್ಲಿ ಶೇಂಗಾ ಹೋಳಿಗೆ ಅವನ ರಟ್ಟೆಗಿಳಿದಿತ್ತು. ಬಲಗೈ ಬಂದದ್ದು ನನಗೂ ಕಾಣಲಿಲ್ಲ. ಕಂಡದ್ದು, ನಮ್ಮ ಚಾಂಪಿಯನ್ನರು ಕಾಲು ಚಾಚಿ ನೆಲದ ಮೇಲೆ ಕೂತಿರುವುದು. ರೆಫರಿ ಬೆರಳು ತೋರಿಸಿ ಒಂದು, ಎರಡು ಎಣಿಸುತ್ತಿದ್ದ. ಇವರ ಮುಖ ತುಂಬ ನಗು! ಸತ್ತೇ ಹೋದರೇನೋ ಎಂದು ಕಿರುಚಿದ ನನ್ನತ್ತ ನೋಡಿ, "ಖರೇ ಐತ್ರಿ ರಾಯರ! ಖರೇ ಐತಿ!" ಎಂದರು. ಎಂಟಕ್ಕೆ ಎದ್ದರು. ಆಮೇಲೆ ಇಬ್ಬರೂ ಹೊಡೆದಾಡಿದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ಏಳು ವರ್ಷ ಕೂಡಿಟ್ಟದ್ದನ್ನೆಲ್ಲ ಇವರು ಖರ್ಚು ಮಾಡಿದರು. ಟವೆಲ್ಲು ಹಿಂಡುವಷ್ಟು ಒದ್ದೆಯಾಯಿತು.

ಪಾಯಿಂಟುಗಳಲ್ಲಿ ದೈತಾರಿ ಗೆದ್ದ. ರೆಫರಿ ಅವನ ಕೈ ಎತ್ತುವ ಮೊದಲೇ ಇವರು ಎತ್ತಿಬಿಟ್ಟಿದ್ದರು. ಹೊರಗೆ ಬಂದವರು ಪಕ್ಕದ ಎಸ್‌ಟಿಡಿ ಬೂತಿಗೆ ನುಗ್ಗಿದರು. ಬಾಗಿಲು ಹಾಕಲು ಆಗಲಿಲ್ಲ, ಹಾಗಾಗಿ ಇಡೀ ರಸ್ತೆಗೆ ಕೇಳಿಸಿತು.

"ಮಗಳ, ಹೊಡದೆ! ಹೆಸರು ಬರಕೋ, ದೈತಾರಿ! ಹೂಂ, ಹೊಡಸ್ಕೊಂಡೆ ಸೈತ. ಭಾಳ! ಎಣಿಸಿಲ್ಲವಾ!"

ಆಮೇಲೆ ಅವರ ಮುಂದಿನ ಕೋಣೆಯ ಗೋಡೆಗೆ ಒಂದು ಫೋಟೋ ಬಂತು. ಅದರಲ್ಲಿ ಅವರು ಕಾಲು ಚಾಚಿ ಕೂತು ನಗುತ್ತಿದ್ದಾರೆ, ತಲೆಯ ಮೇಲೆ ರೆಫರಿಯ ನಾಲ್ಕು ಬೆರಳು. ಬಂದವರಿಗೆಲ್ಲ ತೋರಿಸಿ, "ಇದು ನಾ, ಕುಂತಾಂವ" ಎನ್ನುತ್ತಿದ್ದರು. ಏಳು ಪದಕ ಸೀರೆಗಳ ಕೆಳಗೇ ಉಳಿದವು.

ಹೋದ ತಿಂಗಳು ಅವರು ನಿವೃತ್ತರಾದರು. ನನಗಿನ್ನೂ ಎರಡು ವರ್ಷವಿದೆ. ಆಫೀಸಿನ ಹೊಸ ಮಕ್ಕಳು ಹಳೆಯ ಕಡತ ತೆಗೆದು, ಏಳು ಪ್ರಮಾಣಪತ್ರ ಕಂಡು, ಹಿತ್ತಾಳೆಯ ಫಲಕದ ಮೇಲೆ ಹಿಂದಿಯಲ್ಲಿ 'ಅಪರಾಜಿತ್ ಚಾಂಪಿಯನ್' ಎಂದು ಕೆತ್ತಿಸಿದ್ದರು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ! ಜನರಲ್ ಮ್ಯಾನೇಜರು ಫಲಕ ಕೊಟ್ಟರು. ಚಾಂಪಿಯನ್ನರು ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಮುಖ ಚಿಕ್ಕದಾಯಿತು. ಮೊದಲ ಸಾಲಿನಲ್ಲಿ ವಡೋದರಾದಿಂದ ಬಂದಿದ್ದ ಮಗಳು ಬಾಯಿಗೆ ಸೆರಗು ಒತ್ತಿ ನಗಲು ಶುರುಮಾಡಿದ್ದಳು.

ಅವರು ಮೈಕು ಹಿಡಿದರು. "ಸಾಹೇಬ, ಇದರಲ್ಲಿ ತಪ್ಪಾಗಿದೆ" ಎಂದರು ಹಿಂದಿಯಲ್ಲಿ. "ನಾನು ಏಳು ಸಲ ಗೆದ್ದಿಲ್ಲ, ಏಳು ಸಲ ನಿಂತಿದ್ದೆ ಅಷ್ಟೆ. ಒಂದು ಸಲ ಆಡಿದ್ದೇನೆ. ಆ ಒಂದು ಸಲ ಸೋತಿದ್ದೇನೆ. ದಯವಿಟ್ಟು ಅದನ್ನು ಬರೆಸಿ."

ಸಭೆಯೆಲ್ಲ ಗೊಳ್ಳೆಂದಿತು. ಅವರು ನಗಲಿಲ್ಲ. ಸಭಾಂಗಣದ ಎಡಗಡೆ, ಫ್ಯಾನಿನ ಕೆಳಗೆ, ಮೂಲೆಯ ಕುರ್ಚಿಯ ಕಡೆ ತಿರುಗಿದರು. ಫಲಕವನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಜೋಡಿಸಿ, ರಿಂಗಿನಲ್ಲಿ ಮಾಡುತ್ತಿದ್ದ ಹಾಗೆಯೇ ಬಗ್ಗಿ ನಮಸ್ಕಾರ ಮಾಡಿದರು.

ಆ ಕುರ್ಚಿಯಿಂದ ತಲೆ ನರೆತ, ಹೊಟ್ಟೆ ಬಂದ, ಈಗ ಯಾವ ತಕ್ಕಡಿಗೂ ಹೆದರಬೇಕಿಲ್ಲದ ದೈತಾರಿ ಎದ್ದು ನಿಂತ. ಬೆಳಗಿನ ರೈಲಿಗೆ ಸೂರತ್ತಿನಿಂದ ಬಂದಿದ್ದ. ಕೈಯಲ್ಲಿದ್ದ ಬಾಳೆಹಣ್ಣಿನ ಗೊನೆಯನ್ನು ಪಕ್ಕದವರ ತೊಡೆಯ ಮೇಲಿಟ್ಟು, ಅವನೂ ಕೈ ಮುಗಿದ.